ವಿದೇಶ ವ್ಯಾಸಂಗ: ಒಬ್ಬರ ಪದವಿ, ಎಲ್ಲರ ಕಲಿಕೆ



ವಿದೇಶ ವ್ಯಾಸಂಗವನ್ನೇ ವಿಷಯವಾಗಿಟ್ಟುಕೊಂಡು ಎರಡು ದಿನದ ಸಂಕಿರಣದಲ್ಲಿ ಚರ್ಚಿಸಲು ಮುಂದಾಗಿರುವ ಸಂಘಟಕರನ್ನು ಮೊದಲಿಗೆ ಅಭಿನಂದಿಸುತ್ತೇನೆ. ಹೊರದೇಶದಲ್ಲಿ ಓದುವುದು ಇವತ್ತು ಬಹುಮಟ್ಟಿಗೆ ಮನೆಮಂದಿಯ ಖಾಸಗಿ ವ್ಯವಹಾರವಾಗಿದೆ. ಎಷ್ಟು ಸಾಲ, ಎಂಥ ಕೆಲಸ, ಯಾವ ವೀಸಾ ಎಂಬಲ್ಲಿಗೆ ಮಾತು ಮುಗಿಯುತ್ತದೆ. ಈ ಲೆಕ್ಕ ತಪ್ಪಲ್ಲ, ಆದರೆ ಅಷ್ಟೇ ಸಾಲದು. ಒಬ್ಬರು ಹೊರಗೆ ಹೋಗಿ ಕಲಿತದ್ದು ಅವರ ಸಮಾಜದ ಕಲಿಕೆಯೂ ಆದಾಗಲೇ ಆ ವ್ಯಾಸಂಗ ಪೂರ್ಣವಾಗುತ್ತದೆ ಎಂಬುದು ನನ್ನ ನಂಬಿಕೆ. ಈ ಸಂಕಿರಣದ ಆಶಯವೂ ಅದೇ ಆಗಿರಲಿ ಎಂದು ಕೋರುತ್ತೇನೆ.

ನಮ್ಮ ಮುಂದೆ ದೊಡ್ಡ ನಿದರ್ಶನಗಳಿವೆ. 1913ರಲ್ಲಿ ಬರೋಡ ಸಂಸ್ಥಾನದ ವಿದ್ಯಾರ್ಥಿವೇತನ ಪಡೆದು ಡಾ. ಬಿ. ಆರ್. ಅಂಬೇಡ್ಕರ್ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯ ಸೇರಿದರು. ಸಿಗುತ್ತಿದ್ದದ್ದು ತಿಂಗಳಿಗೆ ಹನ್ನೊಂದೂವರೆ ಪೌಂಡು. ಅಲ್ಲಿ ಅವರು ಓದಿದ್ದು ಅರ್ಥಶಾಸ್ತ್ರ, ಸಮಾಜಶಾಸ್ತ್ರ, ಇತಿಹಾಸ. ಆದರೆ 1916ರ ಮೇ ತಿಂಗಳಲ್ಲಿ ಮಾನವಶಾಸ್ತ್ರದ ಒಂದು ವಿಚಾರಗೋಷ್ಠಿಯಲ್ಲಿ ಅವರು ಮಂಡಿಸಿದ ಪ್ರಬಂಧದ ವಿಷಯ ಭಾರತದ ಜಾತಿ ವ್ಯವಸ್ಥೆ. ಜಾತಿ ಹೇಗೆ ಹುಟ್ಟಿತು, ಒಳವಿವಾಹದ ಕಟ್ಟಳೆಯಿಂದ ಹೇಗೆ ಗಟ್ಟಿಯಾಯಿತು ಎಂಬ ವಿಶ್ಲೇಷಣೆಯನ್ನು ಅವರು ಇಪ್ಪತ್ತೈದು ವರ್ಷದ ವಿದ್ಯಾರ್ಥಿಯಾಗಿ ವಿದೇಶದ ತರಗತಿಯಲ್ಲಿ ಮುಂದಿಟ್ಟರು. ಅದಕ್ಕಿಂತ ಆಳವಾದ ಇನ್ನೊಂದು ಪಾಠವೂ ಅವರಿಗೆ ಅಲ್ಲಿ ದಕ್ಕಿತ್ತು. ಪಶ್ಚಿಮದಲ್ಲಿ ಕಳೆದ ವರ್ಷಗಳು ತಾನು ಅಸ್ಪೃಶ್ಯ ಎಂಬ ಅರಿವನ್ನೇ ಮನಸ್ಸಿನಿಂದ ಅಳಿಸಿಹಾಕಿದ್ದವು ಎಂದು ಅವರೇ ಬರೆದಿದ್ದಾರೆ. ಹಿಂತಿರುಗಿ ಬರೋಡದಲ್ಲಿ ನೌಕರಿಗೆ ಸೇರಿದಾಗ ಉಳಿದುಕೊಳ್ಳಲು ಒಂದು ಕೋಣೆ ಸಿಗಲಿಲ್ಲ. ಕೊನೆಗೆ ಸೇರಿಕೊಂಡ ಪಾರ್ಸಿ ವಸತಿಗೃಹದಿಂದಲೂ ಅವರನ್ನು ಹೊರಹಾಕಲಾಯಿತು. ಬೇರೆ ರೀತಿಯಲ್ಲೂ ಬದುಕಬಹುದು ಎಂದು ಕಣ್ಣಾರೆ ಕಂಡು ಬಂದವರಿಗೆ ಊರಿನ ಅನ್ಯಾಯ ಸಹಜ ಎಂದು ಒಪ್ಪಿಕೊಳ್ಳಲು ಆಗುವುದಿಲ್ಲ. ವಿದೇಶ ವ್ಯಾಸಂಗದ ಅತಿ ದೊಡ್ಡ ಫಲ ಇದೇ.

ಮೈಸೂರಿನ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸರನ್ನು ನೋಡಿ. 1945ರಲ್ಲಿ ಆಕ್ಸ್‌ಫರ್ಡಿಗೆ ಹೋದ ಅವರು ಅಲ್ಲಿ ಕೂತು ಬರೆದದ್ದು ಕೊಡವರ ಧರ್ಮ ಮತ್ತು ಸಮಾಜದ ಮೇಲೆ. ಬಳಿಕ ಅದೇ ವಿಶ್ವವಿದ್ಯಾಲಯ ಅವರನ್ನು ಅಧ್ಯಾಪಕರನ್ನಾಗಿ ನೇಮಿಸಿ, ಮೊದಲ ವರ್ಷವನ್ನು ಕ್ಷೇತ್ರಕಾರ್ಯದಲ್ಲಿ ಕಳೆಯಲು ಅವಕಾಶ ಕೊಟ್ಟಿತು. 1948ರಲ್ಲಿ ಅವರು ಮೈಸೂರಿನ ಹತ್ತಿರದ ಹಳ್ಳಿಯೊಂದರಲ್ಲಿ ಬಿಡಾರ ಹೂಡಿದರು. ಆ ಹಳ್ಳಿಯನ್ನು ರಾಂಪುರ ಎಂಬ ಹೆಸರಿನಲ್ಲಿ ಜಗತ್ತಿನ ಸಮಾಜಶಾಸ್ತ್ರದ ವಿದ್ಯಾರ್ಥಿಗಳೆಲ್ಲ ಓದಿದರು. 1970ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿದ್ದಾಗ ಕಿಡಿಗೇಡಿಗಳು ಹಚ್ಚಿದ ಬೆಂಕಿಯಲ್ಲಿ ಅವರ ಟಿಪ್ಪಣಿಗಳು ಸುಟ್ಟುಹೋದವು. ಆಗ ನೆನಪನ್ನೇ ನೆಚ್ಚಿ ಅವರು ಬರೆದ ‘ದಿ ರಿಮೆಂಬರ್ಡ್ ವಿಲೇಜ್’ 1976ರಲ್ಲಿ ಪ್ರಕಟವಾಯಿತು. ಮೈಸೂರು ಸೀಮೆಯ ಒಕ್ಕಲು ಬದುಕಿನ ಅತ್ಯುತ್ತಮ ದಾಖಲೆಗಳಲ್ಲೊಂದು ಕ್ಯಾಲಿಫೋರ್ನಿಯಾದಲ್ಲಿ ರೂಪುಗೊಂಡಿತು.

ವಿಜ್ಞಾನದಲ್ಲಿ ರಾಜೇಶ್ವರಿ ಚಟರ್ಜಿಯವರ ಹೆಸರು ಹೇಳಲೇಬೇಕು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದ ಈ ಕನ್ನಡತಿ ಸ್ವಾತಂತ್ರ್ಯ ಬಂದ ವರ್ಷವೇ ಹಡಗು ಹತ್ತಿ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಹೋದರು. ಡಾಕ್ಟರೇಟ್ ಮುಗಿಸಿ 1953ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಮರಳಿ, ಮೈಕ್ರೋವೇವ್ ತಂತ್ರಜ್ಞಾನದಲ್ಲಿ ಪಾಠವನ್ನೂ ಪ್ರಯೋಗಾಲಯವನ್ನೂ ಕಟ್ಟಿದರು. ಸಸ್ಯವಿಜ್ಞಾನಿ ಬಿ. ಜಿ. ಎಲ್. ಸ್ವಾಮಿಯವರು ಹಾರ್ವರ್ಡಿನ ಸಂಶೋಧನೆಯ ದಿನಗಳನ್ನು ‘ಅಮೆರಿಕದಲ್ಲಿ ನಾನು’ ಎಂಬ ಪುಸ್ತಕವಾಗಿಸಿದರು. ಆಕ್ಸ್‌ಫರ್ಡಿಗೆ ಹೋಗಿ ಬಂದ ವಿ. ಕೃ. ಗೋಕಾಕರು ‘ಸಮುದ್ರದಾಚೆಯಿಂದ’ ಬರೆದರು. ಬರ್ಮಿಂಗ್‌ಹ್ಯಾಮಿನಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿದ್ದಾಗಲೇ ಯು. ಆರ್. ಅನಂತಮೂರ್ತಿಯವರು ‘ಸಂಸ್ಕಾರ’ ಬರೆದರು. ಇವರೆಲ್ಲ ಕಲಿತದ್ದನ್ನು ಪದವಿಪತ್ರದೊಳಗೆ ಮಡಿಸಿಡಲಿಲ್ಲ. ತರಗತಿಗೆ, ಪ್ರಯೋಗಾಲಯಕ್ಕೆ, ಕನ್ನಡದ ಓದುಗರಿಗೆ ತಲುಪಿಸಿದರು.

ಇನ್ನು ಇವತ್ತಿನ ಸ್ಥಿತಿಗೆ ಬರೋಣ. ಪದವಿಯ ಕೊನೆಯ ವರ್ಷದ ವಿದ್ಯಾರ್ಥಿಗಳು ಶಿಫಾರಸು ಪತ್ರಕ್ಕಾಗಿ ನಮ್ಮ ಸ್ಟಾಫ್ ರೂಮಿಗೆ ಬರುತ್ತಾರೆ. ಕೈಯಲ್ಲಿ ಪ್ಲಾಸ್ಟಿಕ್ ಫೈಲು. ಅದರೊಳಗೆ ಅಂಕಪಟ್ಟಿ, ಪಾಸ್‌ಪೋರ್ಟಿನ ಜೆರಾಕ್ಸ್, ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯ ಫಲಿತಾಂಶ, ಜೊತೆಗೆ ಕನ್ಸಲ್ಟೆನ್ಸಿಯವರು ಬರೆದುಕೊಟ್ಟ ಎಸ್‌ಒಪಿ. ಈ ಕೋರ್ಸನ್ನು ಏಕೆ ಓದಬೇಕೆಂದಿದ್ದೇನೆ ಎಂದು ಅಭ್ಯರ್ಥಿ ತನ್ನ ಮಾತಿನಲ್ಲಿ ಹೇಳಬೇಕಾದ ಪತ್ರ ಅದು. ಇಬ್ಬರ ಪತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಒಂದೇ ಪ್ಯಾರಾ, ಊರಿನ ಹೆಸರು ಮಾತ್ರ ಬೇರೆ. ‘ಯಾಕಮ್ಮ ಈ ಯೂನಿವರ್ಸಿಟಿ?’ ಎಂದು ಕೇಳಿದರೆ, ‘ಅವರೇ ಆರಿಸಿಕೊಟ್ಟರು ಸರ್’ ಎಂಬ ಉತ್ತರ. ಆ ಹುಡುಗಿಯ ಪ್ರತಿಭೆಯ ಬಗ್ಗೆ ನನಗೆ ಅನುಮಾನವಿಲ್ಲ. ಅವಳಿಗೆ ನಿಜ ಹೇಳುವವರು ಯಾರೂ ಇಲ್ಲ ಎಂಬುದೇ ನನ್ನ ಸಂಕಟ.

ಏಕೆಂದರೆ ನಿಜ ತಿಳಿಯದೆ ಹೋದರೆ ನಷ್ಟ ಒಬ್ಬರಿಗಲ್ಲ, ಇಡೀ ಮನೆಗೆ. ಏಳೂವರೆ ಲಕ್ಷ ರೂಪಾಯಿಗಿಂತ ಹೆಚ್ಚಿನ ಶಿಕ್ಷಣ ಸಾಲಕ್ಕೆ ಬ್ಯಾಂಕುಗಳು ಸಾಮಾನ್ಯವಾಗಿ ಆಸ್ತಿಯ ಅಡಮಾನ ಕೇಳುತ್ತವೆ. ಕೃಷಿ ಜಮೀನನ್ನು ಹೆಚ್ಚಿನ ಬ್ಯಾಂಕುಗಳು ಒಪ್ಪುವುದಿಲ್ಲ. ಪಹಣಿ ಇದ್ದೂ ಪೇಟೆಯಲ್ಲಿ ಸೈಟಿಲ್ಲದ ರೈತನ ಮಗಳು ಹೆಚ್ಚು ಬಡ್ಡಿಯ ಖಾಸಗಿ ಸಾಲದ ಬಾಗಿಲಿಗೆ ಹೋಗಬೇಕಾಗುತ್ತದೆ. ಬ್ರಿಟನ್ನಿನಲ್ಲಿ ಪದವಿ ಓದುವವರಿಗೆ ತರಗತಿ ನಡೆಯುವ ದಿನಗಳಲ್ಲಿ ವಾರಕ್ಕೆ 20 ಗಂಟೆ ಮಾತ್ರ ದುಡಿಯಲು ಅನುಮತಿ. ಆ ಸಂಬಳದಲ್ಲಿ ಶುಲ್ಕ ಕಟ್ಟಬಹುದು ಎಂದು ನಂಬಿ ಹೋಗುವವರಿದ್ದಾರೆ. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುಪಾಲು ಬೋಧನಾ ಶುಲ್ಕವಿಲ್ಲ ಎಂಬುದು ಎಷ್ಟೋ ಜಿಲ್ಲಾ ಕಾಲೇಜುಗಳ ವಿದ್ಯಾರ್ಥಿಗಳ ಕಿವಿಗೇ ಬಿದ್ದಿಲ್ಲ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದಾಗ ನಮ್ಮ ಸಾವಿರಾರು ವೈದ್ಯಕೀಯ ವಿದ್ಯಾರ್ಥಿಗಳು ನೆಲಮಾಳಿಗೆಗಳಲ್ಲಿ ಸಿಕ್ಕಿಕೊಂಡರು. ಹಾವೇರಿ ಜಿಲ್ಲೆ ತನ್ನೊಬ್ಬ ಮಗನನ್ನು ಆ ದೇಶದ ಹಾರ್ಕಿವ್‌ನಲ್ಲಿ ಕಳೆದುಕೊಂಡಿತು. ಇಲ್ಲಿ ಸೀಟು ಸಿಗದ, ಸಿಕ್ಕರೂ ಶುಲ್ಕ ಕಟ್ಟಲಾಗದ ಮನೆಗಳ ಮಕ್ಕಳು ಅಷ್ಟು ದೂರ ಏಕೆ ಹೋಗಬೇಕಾಯಿತು ಎಂಬ ಪ್ರಶ್ನೆಗೆ ನಾವಿನ್ನೂ ಸರಿಯಾಗಿ ಉತ್ತರಿಸಿಲ್ಲ.

ವಿದ್ಯಾರ್ಥಿವೇತನದ ಮಾತನ್ನೂ ಇಲ್ಲೇ ಹೇಳುತ್ತೇನೆ. ಪರಿಶಿಷ್ಟ ಜಾತಿ, ಪಂಗಡಗಳ ವಿದ್ಯಾರ್ಥಿಗಳಿಗೆ ರಾಜ್ಯದ ‘ಪ್ರಬುದ್ಧ’ ಯೋಜನೆ ಇದೆ. ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವಿದೆ. ಇವು ಬೆಳೆಯಬೇಕು, ಹಣ ಸಕಾಲಕ್ಕೆ ವಿದ್ಯಾರ್ಥಿಯ ಕೈಸೇರಬೇಕು. ಆದರೆ 2022ರ ಕೇಂದ್ರ ಮಾರ್ಗಸೂಚಿ ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ ಮತ್ತು ಭಾರತೀಯ ಸಮಾಜ ಕುರಿತ ಸಂಶೋಧನಾ ವಿಷಯಗಳನ್ನು ಈ ವೇತನದಿಂದ ಹೊರಗಿಟ್ಟಿತು. ಕೊಲಂಬಿಯಾದಲ್ಲಿ ಅಂಬೇಡ್ಕರ್ ಎತ್ತಿಕೊಂಡ ವಿಷಯ, ಆಕ್ಸ್‌ಫರ್ಡಿನಲ್ಲಿ ಶ್ರೀನಿವಾಸರು ಎತ್ತಿಕೊಂಡ ವಿಷಯ ಈ ನಿಯಮದಡಿ ನಿಲ್ಲುವುದಿಲ್ಲ. ದೂರ ನಿಂತು ನಮ್ಮನ್ನು ನಾವು ನೋಡಿಕೊಳ್ಳುವ ಹಕ್ಕು ಯಾರಿಗೆ ಎಲ್ಲರಿಗಿಂತ ಹೆಚ್ಚಾಗಿ ಬೇಕೋ ಅವರಿಗೇ ಅದನ್ನು ನಿರಾಕರಿಸುವುದು ನ್ಯಾಯವಲ್ಲ. ಈ ನಿಯಮ ಹೋಗಬೇಕು ಎಂದು ಈ ವೇದಿಕೆಯಿಂದ ಸ್ಪಷ್ಟವಾಗಿ ಹೇಳುತ್ತೇನೆ.

ಗೋಷ್ಠಿಗಳಲ್ಲಿ ಮಾತನಾಡುವವರಿಗೆ ನನ್ನ ವಿನಂತಿ ಮೂರು. ಒಂದು, ಹೊರಗೆ ಓದಿ ಬಂದವರು ಯಶಸ್ಸನ್ನಷ್ಟೇ ಹೇಳಬೇಡಿ. ಬಾಡಿಗೆ, ಚಳಿ, ಒಂಟಿತನ, ಬದಲಾದ ಗೈಡು, ತಪ್ಪಿದ ಸೆಮಿಸ್ಟರು, ಇವೆಲ್ಲವೂ ಮುಂದೆ ಹೋಗುವವರಿಗೆ ಪಠ್ಯವೇ. ಎರಡು, ಅದನ್ನು ಕನ್ನಡದಲ್ಲಿ ಬರೆಯಿರಿ. ಸಾಲದ ಕಾಗದಕ್ಕೆ ಸಹಿ ಹಾಕುವ ತಂದೆ ತಾಯಿಗೆ ಓದಿ ಅರ್ಥವಾಗುವ ಭಾಷೆಯಲ್ಲಿ ಈ ಮಾಹಿತಿ ಇರಲೇಬೇಕು. ಮೂರು, ಪ್ರತಿ ವಿಶ್ವವಿದ್ಯಾಲಯವೂ ತನ್ನಿಂದ ಹೊರಗೆ ಹೋದ ವಿದ್ಯಾರ್ಥಿಗಳ ವಿವರ ಇಟ್ಟುಕೊಂಡು, ಶುಲ್ಕವಿಲ್ಲದೆ ಸಲಹೆ ನೀಡುವ ಒಂದು ಕೋಶವನ್ನು ತೆರೆಯಲಿ. ಇದಕ್ಕೆ ದೊಡ್ಡ ಅನುದಾನ ಬೇಡ. ಒಂದು ಕೋಣೆ, ಒಬ್ಬ ಹೊಣೆಗಾರ ಅಧ್ಯಾಪಕ, ಉತ್ತರಿಸಲು ಸಿದ್ಧರಿರುವ ಹಳೆಯ ವಿದ್ಯಾರ್ಥಿಗಳು ಸಾಕು.

ಸಂಕಿರಣ ಮುಗಿದ ಮೇಲೆ ಪ್ರಬಂಧಗಳು ಪುಸ್ತಕವಾಗಿ ಗ್ರಂಥಾಲಯದ ಕಪಾಟು ಸೇರುವುದಷ್ಟೇ ನಮ್ಮ ಗುರಿಯಾಗದಿರಲಿ. ಮುಂದಿನ ಶೈಕ್ಷಣಿಕ ವರ್ಷ ಆರಂಭವಾಗುವ ಮೊದಲು ಕನ್ನಡದ ಕೈಪಿಡಿಯೊಂದು ನಾಡಿನ ಪ್ರತಿ ಪದವಿ ಕಾಲೇಜಿಗೂ ತಲುಪಲಿ. ಆ ಕೆಲಸಕ್ಕೆ ಇಲ್ಲಿರುವ ಪ್ರತಿಯೊಬ್ಬರೂ ಕೈಜೋಡಿಸಬೇಕೆಂದು ಪ್ರಾರ್ಥಿಸಿ ನನ್ನ ಮಾತು ಮುಗಿಸುತ್ತೇನೆ.