ಕೈಯಾರೆ ಮಾಡಿದ ಸುಖ

(ಶ್ರಾವಣ ಮಾಸದ ಪ್ರವಚನ, ಸೇಡಂ)



ಶ್ರಾವಣದ ಪ್ರವಚನವೆಂದರೆ ಸ್ವಾಮಿಗಳು ವೈರಾಗ್ಯವನ್ನೇ ಬೋಧಿಸುತ್ತಾರೆಂದು ನೀವು ಮನಸ್ಸು ಗಟ್ಟಿ ಮಾಡಿಕೊಂಡು ಬಂದಿರಬಹುದು. ಇಂದು ನಾವು ಸುಖದ ಮಾತನ್ನಾಡಬೇಕೆಂದಿದ್ದೇವೆ. ಅದೂ ದೊಡ್ಡ ಸುಖವಲ್ಲ. ಶೇಂಗಾ ಉಂಡಿಯ ಸುಖ, ಕೌದಿಯ ಸುಖ, ಸಂಜೆ ಸುಸಲಾ ಮಿರ್ಚಿ ಭಜಿ ತಿನ್ನುವ ಸುಖ. ನಗಬೇಡಿರಿ. ಇದರಲ್ಲಿ ಧರ್ಮದ ವಿಷಯವಿದೆ. ನಮ್ಮದೊಂದು ತಪ್ಪಿನ ವಿಷಯವೂ ಇದೆ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ, ಈ ನಮ್ಮ ಊರುಗಳು ಮಹಾನಗರಗಳಲ್ಲ. ಆದರೆ ಈಗ ಹಳ್ಳಿಗಳೂ ಅಲ್ಲ. 1874ರಲ್ಲಿ ವಾಡಿಯಿಂದ ಸಿಕಂದರಾಬಾದಕ್ಕೆ ನಿಜಾಮರ ರೈಲು ಹಾದಿಯಾಯಿತು. ಅದು ಚಿತ್ತಾಪುರ, ಸೇಡಂಗಳನ್ನು ಹಾಯ್ದು ಹೋಗುತ್ತದೆ. ನೆಲದೊಳಗಿನ ಸುಣ್ಣಕಲ್ಲು ಶಹಾಬಾದದ ಫರಸಿಯಾಗಿ ನಾಡಿನ ಮನೆಗಳ ನೆಲಕ್ಕೆ ಹಾಸಿತು; ಮುಂದೆ ಸಿಮೆಂಟಾಗಿ ಊರೂರಿಗೆ ಹೋಯಿತು. ಹೊಲ ಬಿಟ್ಟ ಮಕ್ಕಳು ಪಾಳಿಯ ಕೆಲಸಕ್ಕೆ ಬಂದರು. ಪಗಾರ ಬಂತು, ಪಕ್ಕಾ ಮನೆ ಬಂತು. ಒಳ್ಳೆಯದೇ ಆಯಿತು. ಆದರೆ ಅಂಗಳ ಹೋಯಿತು. ಅಂಗಳದಲ್ಲಿ ಕುಳಿತು ಕೈಯಾಡಿಸುತ್ತಿದ್ದ ಹಿರಿಯರು ಮೂಲೆಗೆ ಸರಿದರು.

ಕೆಲವು ವರುಷಗಳ ಹಿಂದೆ ಇಂಥದೇ ಒಂದು ಊರಿನ ಭಕ್ತರ ಮನೆಗೆ ಪಾದಪೂಜೆಗೆ ಹೋಗಿದ್ದೆವು. ಮಗ ನಮಗೆ ಬೆಲೆಬಾಳುವ ಶಾಲು ಹೊದಿಸಿದ. ಆಗ ಒಳಗಿನಿಂದ ಒಬ್ಬ ಮುದುಕಿ ಬಂದಳು. ಚಿಂಚೋಳಿ ಕಡೆಯ ಹಳ್ಳಿಯವಳು, ಮಗನ ಸಂಗಡ ಇರಲು ಬಂದವಳು. ಕೈಯಲ್ಲಿ ತಾನೇ ಹೊಲಿದ ಕೌದಿ ಇತ್ತು. ಸೊಸೆಗೆ ನಾಚಿಕೆಯಾಯಿತು. “ಹಳೇ ಅರಿಬೀದು ಐತ್ರೀ ಅಪ್ಪಾವ್ರೇ, ಮಠಕ್ಕ ಕೊಡೂದಲ್ಲ” ಎಂದಳು. ನಾವು ಏನೂ ಅನ್ನಲಿಲ್ಲ, ನಕ್ಕು ಸುಮ್ಮನಾದೆವು. ಮುದುಕಿ ಕೌದಿಯನ್ನು ಮಡಚಿಕೊಂಡು ಒಳಗೆ ಹೋದಳು. ಕಾಯಕವೇ ಕೈಲಾಸವೆಂದು ಊರೂರು ಹೇಳುತ್ತ ತಿರುಗುವ ನಾವು, ಎದುರಿಗೆ ಬಂದ ಕಾಯಕವನ್ನು ಹಿಂದಕ್ಕೆ ಕಳಿಸಿದ್ದೆವು.

ಮರುವರುಷ ಅದೇ ಮನೆಗೆ ಹೋದಾಗ ಆ ತಾಯಿ ಹಾಸಿಗೆ ಹಿಡಿದಂತೆ ಇದ್ದಳು. ರೋಗವೇನೂ ಇರಲಿಲ್ಲ. “ಕೈಗಿ ಕೆಲಸಿಲ್ರೀ. ಉಣ್ತೀನಿ, ಮಲಗ್ತೀನಿ. ಈ ಮನಿಗಿ ನಾ ಎದಕ್ಕೂ ಬೇಕಾಗಿಲ್ಲ” ಎಂದಳು. ನಮಗೆ ಆ ಕೌದಿ ನೆನಪಾಯಿತು. ತರಿಸಿ, ನಡುಮನೆಯಲ್ಲಿ ಹರವಿಸಿ, ಇದನ್ನು ನಮಗೆ ಓದಿ ಹೇಳಮ್ಮ ಎಂದು ಕೇಳಿಕೊಂಡೆವು. ಅವಳು ಒಂದೊಂದು ತುಂಡಿನ ಮೇಲೆ ಬೆರಳಿಟ್ಟು ಹೇಳುತ್ತ ಹೋದಳು. ಇದು ಮದುವೆಯ ಇಳಕಲ್ಲ ಸೀರೆ. ಇದು ಯಜಮಾನರ ಧೋತರ. ಇದು ಮಗ ಸಾಲಿಗೆ ಹಾಕಿಕೊಂಡು ಹೋದ ಅಂಗಿ. ಕಡೆಗೆ ಒಂದು ಸಣ್ಣ ಕೆಂಪು ತುಂಡಿನ ಮೇಲೆ ಕೈ ನಿಂತಿತು. ಅದು ತೊಟ್ಟಿಲಲ್ಲಿಯೇ ತೀರಿಹೋದ ಚೊಚ್ಚಲ ಕೂಸಿನ ಕುಂಚಿಗೆ. ತನಗೊಬ್ಬ ಅಕ್ಕ ಇದ್ದಳೆಂಬುದು ಆ ಮಗನಿಗೆ ಅಂದೇ ತಿಳಿಯಿತು. ಸೊಸೆ ಅತ್ತೆಯ ಹತ್ತಿರ ಬಂದು ಕುಳಿತಳು.

ನಮ್ಮ ಶರಣರನ್ನು ನೆನೆಯಿರಿ. ಮುದನೂರಿನ ದಾಸಿಮಯ್ಯನವರು ನೆಯ್ದರು, ಮೇದಾರ ಕೇತಯ್ಯನವರು ಬುಟ್ಟಿ ಹೆಣೆದರು. ಕಾಯಕ ಕೇವಲ ಹೊಟ್ಟೆಯ ದಾರಿಯಾಗಿರಲಿಲ್ಲ. ನಾನು ಈ ಲೋಕಕ್ಕೆ ಬೇಕಾದವನು ಎಂಬ ನಂಬಿಗೆಯನ್ನು ಅದು ಮನುಷ್ಯನಿಗೆ ಕೊಡುತ್ತಿತ್ತು. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ತಾಯಿ ಅದನ್ನು ಹಿಂದಿರುಗಿಸಿ ಬರಲು ಹೇಳಿದಳು. ಕೈಯ ಸುಖಕ್ಕೆ ಇಂಥ ಒಂದು ಅಳತೆಯಿದೆ. ಉಂಡಿಯನ್ನು ತೋಳು ಸೋಲುವ ತನಕ ಕಟ್ಟಬಹುದು, ಅಷ್ಟೇ. ಕೊಂಡು ತರುವ ಸುಖಕ್ಕೆ ತೋಳಿಲ್ಲ. ಆದ್ದರಿಂದ ಅದಕ್ಕೆ ಸಾಕೆಂಬುದೂ ಇಲ್ಲ.

ಮಣ್ಣೆತ್ತಿನ ಅಮಾವಾಸ್ಯೆ ಹೋಗಿ ತಿಂಗಳಾಯಿತು. ಪೇಟೆಯಿಂದ ತಂದ ಬಣ್ಣದ ಎತ್ತನ್ನು ಮಗು ಮುಟ್ಟಿದರೆ ನಾವು ಗದರಿಸುತ್ತೇವೆ. ಅದೇ ಮಗು ತಾನೇ ಮಾಡಿದ ಎತ್ತಿನ ಕೋಡು ಮುರಿದರೆ ಬೆರಳು ಒದ್ದೆ ಮಾಡಿ ಮತ್ತೆ ಹಚ್ಚುತ್ತದೆ. ಮುರಿದದ್ದನ್ನು ಕೂಡಿಸಬಹುದೆಂಬ ಪಾಠ ಅಲ್ಲಿಯೇ ಆಗುತ್ತದೆ. ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಶಾವಿಗೆ, ಸಂಡಿಗೆ ಹಾಕಿ, ಧೂಳು ಬೀಳದ ಹಾಗೆ ತೆಳುವಾದ ಸೀರೆ ಹೊದಿಸುತ್ತೀರಲ್ಲ, ಆಗ ನೆರೆಮನೆಯವರು ಕರೆಯದೆಯೇ ಬಂದು ಕೈ ಹಚ್ಚುತ್ತಾರೆ. ಅವರ ಭಾಷೆ ಯಾವುದು, ಜಾತಿ ಯಾವುದು ಎಂದು ಶಾವಿಗೆ ಕೇಳುವುದಿಲ್ಲ. ನಮ್ಮ ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು, ಸಂತೋಷ. ಆ ಬೇಳೆಯ ಹೂರಣ ನಮ್ಮ ಮನೆಯಲ್ಲಿಯೂ ವರುಷಕ್ಕೊಮ್ಮೆಯಾದರೂ ಕುದಿಯಲಿ. ನಾಲ್ಕು ಹೋಳಿಗೆ ಪಕ್ಕದ ಮನೆಗೆ ಹೋಗಲಿ. ದಾಸೋಹಕ್ಕೆ ಮಠವೇ ಆಗಬೇಕೆಂದಿಲ್ಲ, ಒಂದು ತಟ್ಟೆಯಾದರೆ ಸಾಕು.

ಇದನ್ನು ಕೇಳಿ ಗಂಡಸರು ಮನೆಗೆ ಹೋಗಿ ಹೆಂಗಸರಿಗೆ ಆಜ್ಞೆ ಮಾಡಬಾರದು. ದಿನವೆಲ್ಲ ದುಡಿದು ದಣಿದು ಬಂದ ತಾಯಿ ಅಂಗಡಿಯ ಹೋಳಿಗೆ ತಂದರೆ ಅದು ಪಾಪವಲ್ಲ. ಕಾಯಕದಲ್ಲಿ ಗಂಡು ಹೆಣ್ಣೆಂಬ ಭೇದವನ್ನು ಶರಣರು ಮಾಡಲಿಲ್ಲ. ಪಾಳಿ ಮುಗಿಸಿ ಬಂದ ತಂದೆ ಮಕ್ಕಳ ಜೊತೆಗೆ ಕುಳಿತು ಉಂಡಿ ಕಟ್ಟಲಿ, ಸೊಟ್ಟಾದರೂ ಚಿಂತೆಯಿಲ್ಲ. ಸಂಜೆ ಸ್ಟೇಶನ್ ರಸ್ತೆಯಲ್ಲಿ ಭಜಿ ಕರಿಯುವವನದೂ ಕೈಗೆಲಸವೇ. ಅಲ್ಲಿ ತಿನ್ನಿರಿ, ಚೌಕಾಸಿ ಮಾಡದೆ ಹಣ ಕೊಡಿರಿ, ಮೊಬೈಲ್ ಕಿಸೆಯಲ್ಲಿಟ್ಟು ಗೆಳೆಯನ ಮುಖ ನೋಡಿ ಮಾತನಾಡಿರಿ. ಇಂಥ ಸುಖವನ್ನು ಬಿಡಿರಿ ಎಂದು ನಾವು ಹೇಳುವುದಿಲ್ಲ. ಒಬ್ಬರೇ ತಿನ್ನಬೇಡಿರಿ ಎಂದು ಹೇಳುತ್ತೇವೆ.

ಆ ತಾಯಿ ಈಗ ಲಿಂಗೈಕ್ಯಳಾಗಿದ್ದಾಳೆ. ಕೌದಿಯನ್ನು ಮಠಕ್ಕೆ ಕೊಡಲು ಮನೆಯವರು ಮುಂದೆ ಬಂದರು, ನಾವು ತೆಗೆದುಕೊಳ್ಳಲಿಲ್ಲ. ಅದು ಆ ಮನೆಯಲ್ಲಿಯೇ ಇರತಕ್ಕದ್ದು. ಕಳೆದ ಸಲ ನೋಡಿದಾಗ ಅದರ ಅಂಚಿಗೆ ಹೊಸದೊಂದು ತುಂಡು ಕೂಡಿತ್ತು. ಅತ್ತೆಯ ಸೀರೆಯ ಸೆರಗನ್ನು ಸೊಸೆಯೇ ಹೊಲಿದಿದ್ದಳು. ಹೊಲಿಗೆ ಅಷ್ಟು ನೆಟ್ಟಗಿರಲಿಲ್ಲ. ಅದನ್ನು ಅವಳು ಮುಚ್ಚಿಡಲಿಲ್ಲ, ತಾನಾಗಿಯೇ ತಂದು ತೋರಿಸಿದಳು.

ಬಂಧುಗಳೇ, ಬರುವ ಪಂಚಮಿಗೆ ನಿಮ್ಮ ಕೈಯಾರೆ ಒಂದು ವಸ್ತು ಮಾಡಿರಿ. ಉಂಡಿಯಾಗಲಿ, ಅಳ್ಳಾಗಲಿ, ಮಕ್ಕಳ ಜೋಕಾಲಿಯಾಗಲಿ. ಮಾಡಿದ್ದರಲ್ಲಿ ಒಂದು ಪಾಲನ್ನು ಹೆಸರು ಗೊತ್ತಿಲ್ಲದ ನೆರೆಮನೆಗೆ ಕೊಟ್ಟು ಹೆಸರು ಕೇಳಿ ಬನ್ನಿರಿ. ಮನೆಯ ಮೂಲೆಯಲ್ಲಿ ಹಿರಿಯರಿದ್ದರೆ, ಇದನ್ನು ಹೇಗೆ ಮಾಡುವುದೆಂದು ಮೊದಲು ಅವರನ್ನು ಕೇಳಿರಿ. ಗುರು ಬಸವಣ್ಣನವರು ನಿಮ್ಮ ಕೈಗಳಿಗೆ ಕಾಯಕವನ್ನೂ ಮನೆಗಳಿಗೆ ನೆರೆಯವರನ್ನೂ ಕರುಣಿಸಲೆಂದು ಹಾರೈಸಿ ನಮ್ಮ ಮಾತನ್ನು ಮುಗಿಸುತ್ತೇವೆ.