ಊರ ಚುನಾವಣೆಯೂ ನಮ್ಮ ತರುಣರೂ

(ಯಾದಗಿರಿಯ ತರುಣರ ಸಭೆಯಲ್ಲಿ ಮಾಡಿದ ಭಾಷಣ)



ಸುರಪುರದ ರಾಜಾ ವೆಂಕಟಪ್ಪನಾಯಕರು 1858ರಲ್ಲಿ ಬ್ರಿಟಿಷರೆದುರು ಕತ್ತಿ ಹಿಡಿದರೆಂದು ನಾವು ಸಭೆಸಭೆಗಳಲ್ಲಿ ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಅದೇ ನಾವು, ಊರ ಪಂಚಾಯತಿಯ ಚುನಾವಣೆ ಬಂದಾಗ 'ಅದರಲ್ಲೇನಿದೆ?' ಎಂದು ಮನೆಯಲ್ಲಿ ಕುಳಿತುಬಿಡುತ್ತೇವೆ.

ಯಾದಗಿರಿ, ಶಹಾಪುರ, ಸುರಪುರ ತಾಲೂಕುಗಳಿಗೆ ಮತದ ಹಕ್ಕು ಸುಲಭವಾಗಿ ದೊರೆತದ್ದಲ್ಲ. 1948ರ ಸಪ್ಟಂಬರ 17ರ ವರೆಗೆ ನಮ್ಮ ಹಿರಿಯರು ನಿಜಾಮರ ಪ್ರಜೆಗಳು. ಬಡವ-ಬಲ್ಲಿದ, ಗಂಡು-ಹೆಣ್ಣೆಂಬ ಭೇದವಿಲ್ಲದೆ ಅವರು ಮತಪೆಟ್ಟಿಗೆಯ ಮುಂದೆ ನಿಂತದ್ದು 1951-52ರ ಮಹಾಚುನಾವಣೆಯಲ್ಲಿ. ಆಗ 21 ವರ್ಷ ತುಂಬಿರಬೇಕಿತ್ತು. 1989ರಲ್ಲಿ ಅದು 18ಕ್ಕೆ ಇಳಿಯಿತು. ನಿಮ್ಮನ್ನು ನಂಬಿಯೇ ಇಳಿಸಿದರು.

'ನಮ್ಮದೊಂದು ಮತದಿಂದ ಆಗುವದೇನು?' ಎಂದು ಕೇಳುವಿರಿ. ಲೋಕಸಭೆಯ ಮಟ್ಟಿಗೆ ಆ ಪ್ರಶ್ನೆಯಲ್ಲಿ ತುಸು ಅರ್ಥವುಂಟೆಂದು ಒಪ್ಪುವೆವು. ಆದರೆ ಗ್ರಾಮಪಂಚಾಯತಿಯಲ್ಲಿ ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯ. ಅದರಲ್ಲಿ ಮಕ್ಕಳನ್ನು ಕಳೆಯಿರಿ; ದುಡಿಮೆಗಾಗಿ ಬೆಂಗಳೂರು, ಪುಣೆ, ಮುಂಬಯಿಗಳಿಗೆ ಗುಳೆ ಹೋದವರನ್ನು ಕಳೆಯಿರಿ. ಉಳಿದವರೊಳಗೆ ನಾಲ್ಕು ಮನೆಯ ತರುಣರು ಎದ್ದು ಹೋದರೆ ಫಲವೇ ಬದಲಾದೀತು. ಇಬ್ಬರಿಗೆ ಸಮ ಮತ ಬಂದರೆ ಚೀಟಿ ಎತ್ತಿ ನಿರ್ಣಯಿಸಬೇಕೆಂಬುದು ಕಾನೂನು. ವಕೀಲರಾದ ನಮಗೆ ಆ ಕಲಮು ಓದಿದಾಗಲೆಲ್ಲ, ಮನೆಯಲ್ಲಿ ಕುಳಿತಿದ್ದ ಆ ಒಬ್ಬನು ಯಾರಿರಬಹುದೆಂಬ ಯೋಚನೆ ಬರುವದು.

2020ರ ಡಿಸೆಂಬರದಲ್ಲಿ ಗ್ರಾಮಪಂಚಾಯತಿ ಚುನಾವಣೆಗಳು ನಡೆದಾಗ, ನಮ್ಮ ರಾಜ್ಯದ ಕೆಲವು ಊರುಗಳಲ್ಲಿ ಸದಸ್ಯಸ್ಥಾನಗಳನ್ನೇ ಹರಾಜಿಗಿಟ್ಟ ವರ್ತಮಾನ ಪತ್ರಿಕೆಗಳಲ್ಲಿ ಬಂದಿತು. ಗುಡಿಗೆ ಹಣ ಬರುವದಲ್ಲಾ ಎಂದು ಕೆಲವರು ಸಮಾಧಾನ ಹೇಳಿದರಂತೆ! ದೇವರ ಹೆಸರಿನಲ್ಲಿ ನಿಮ್ಮ ಮತ ಮಾರಾಟವಾದರೂ ಅದು ಮಾರಾಟವೇ. ಹತ್ತು ಜನ ತರುಣರು 'ನಾವು ಮತ ಹಾಕುವವರು' ಎಂದು ಎದ್ದು ನಿಂತ ಊರಲ್ಲಿ ಹರಾಜು ಕೂಗುವ ಧೈರ್ಯ ಯಾರಿಗುಂಟು?

ಇನ್ನೊಂದು ಸಂಗತಿ. 2016ರಲ್ಲಿ ಆರಿಸಿದ ಜಿಲ್ಲಾ, ತಾಲೂಕು ಪಂಚಾಯತಿಗಳ ಅವಧಿ 2021ರಲ್ಲಿ ತೀರಿದ ಮೇಲೆ, ವರ್ಷಗಟ್ಟಲೆ ಚುನಾವಣೆಯಿಲ್ಲದೆ ಅಧಿಕಾರಿಗಳೇ ಆಡಳಿತ ನಡೆಸಿದರು. ಅದನ್ನು ಕೇಳಿ ಗದ್ದಲವೆಬ್ಬಿಸಿದವರು ನಮ್ಮಲ್ಲಿ ಎಷ್ಟು ಜನ? ಮತ ಹಾಕಲೊಲ್ಲದವನಿಗೆ ಮತ ತಪ್ಪಿದ್ದೂ ತಿಳಿಯದು.

ಕೃಷ್ಣೆ-ಭೀಮೆಯರ ನಡುವಿನ ನಾಡು ನಮ್ಮದು. ಆದರೂ ಬೇಸಿಗೆಯಲ್ಲಿ ಕೊಡ ಹಿಡಿದು ನಳದ ಮುಂದೆ ನಿಲ್ಲುವವಳು ನಿಮ್ಮ ಅವ್ವ. ಆ ನೀರು, ಬೀದಿಯ ದೀಪ, ಗಟಾರ, ಮನೆ ಪಡೆಯತಕ್ಕ ಬಡವರ ಯಾದಿ, ಇವೆಲ್ಲ ಪಂಚಾಯತಿಯ ಮುಂದೆ ಬರುವ ಕೆಲಸಗಳು, ದಿಲ್ಲಿಯವಲ್ಲ.

ಸ್ಥಳೀಯ ಚುನಾವಣೆಯ ಯಾದಿಯು ವಿಧಾನಸಭೆಯ ಮತದಾರರ ಯಾದಿಯಿಂದಲೇ ಸಿದ್ಧವಾಗುವದು. ಆದ್ದರಿಂದ ಚುನಾವಣೆ ಸಾರಿದ ಮೇಲೆ ಓಡಾಡಿ ಫಲವಿಲ್ಲ. 17 ತುಂಬಿದವರೂ ಮುಂಗಡವಾಗಿ 6ನೆಯ ನಮೂನೆಯ ಅರ್ಜಿ ಕೊಡಬಹುದು. ಜನವರಿ, ಏಪ್ರಿಲ, ಜುಲೈ, ಅಕ್ಟೋಬರಗಳ 1ನೆಯ ತಾರೀಖುಗಳಲ್ಲಿ ಯಾವುದಕ್ಕೆ 18 ತುಂಬುವದೋ ಅದಕ್ಕೆ ಹೆಸರು ಸೇರುವದು. ಗುಳೆ ಹೋದ ಅಣ್ಣನಿಗೆ ಮತದಾನದ ದಿನವನ್ನು ಇಂದೇ ಅಲ್ಲ, ತಾರೀಖು ಗೊತ್ತಾದ ಸಂಜೆಯೇ ತಿಳಿಸಿರಿ. ಅವನು ರಜೆ ಕೇಳಬೇಕು, ರೈಲಿನ ಚೀಟಿ ತೆಗೆಯಬೇಕು. ಶಿಕ್ಷಕ ಬಂಧುಗಳು ತಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ 18 ತುಂಬಿದವರು ಯಾರೆಂಬುದನ್ನು ಬಲ್ಲರು. ನಾವು ವಕೀಲರು ಅರ್ಜಿ ಬರೆದುಕೊಡಲು ಸಿದ್ಧರಿದ್ದೇವೆ. ಅದಕ್ಕೆ ಫೀಜು ಇಲ್ಲ.