ಅಂಗವಿಕಲ ವೇತನವೋ, ಸಂಧ್ಯಾ ಸುರಕ್ಷಾವೋ? ಅರವತ್ತೈದು ತುಂಬಿದಾಗ ತಿಳಿದಿರಬೇಕಾದ ವಿಷಯ

(ಹಾಲು ಉತ್ಪಾದಕರ ಸಹಕಾರ ಸಂಘದ ಸದಸ್ಯರ ತಿಳಿವಳಿಕೆ ಸಭೆಯಲ್ಲಿ ಒಕ್ಕೂಟದ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣ)



ಡಾಕ್ಟರು ಬಂದರೆ ಕೆಚ್ಚಲು ಬಾವು, ಜಂತುನಾಶಕ, ಖನಿಜ ಮಿಶ್ರಣ ಇವುಗಳ ಮಾತನ್ನೇ ಆಡುತ್ತಾರೆ ಎಂದು ನೀವು ಎಣಿಸಿರುತ್ತೀರಿ. ಇಂದು ಹಸುವಿನ ಮಾತನ್ನು ಪಕ್ಕಕ್ಕಿಟ್ಟು, ಹಸು ಸಾಕಿ ವಯಸ್ಸಾದವರ ಮಾತನ್ನು ಆಡಬೇಕೆಂದಿದ್ದೇನೆ.

ಕಾರಣ ಹೇಳುತ್ತೇನೆ. ಒಂದು ಊರಿಗೆ ಚಿಕಿತ್ಸೆಗೆ ಹೋದಾಗ ಹಿರಿಯ ಸದಸ್ಯೆಯೊಬ್ಬರು ನನ್ನನ್ನು ಕೊಟ್ಟಿಗೆಯ ಬಾಗಿಲಲ್ಲೇ ನಿಲ್ಲಿಸಿದರು. ಬಹಳ ವರ್ಷಗಳ ಹಿಂದೆ ಮೇವು ಕತ್ತರಿಸುವ ಯಂತ್ರಕ್ಕೆ ಸಿಕ್ಕಿ ಅವರ ಬಲಗೈ ಮಣಿಕಟ್ಟಿನವರೆಗೆ ಹೋಗಿದೆ. ಪ್ರಮಾಣಪತ್ರದಲ್ಲಿ ಶೇಕಡ 60 ಎಂದಿದೆ. "ಡಾಕ್ಟ್ರೇ, ನಂಗೂ ಪಕ್ಕದ ಮನೆಯವಳಿಗೂ ಒಂದೇ ವಯಸ್ಸು. ಎರಡು ಕೈ ಇರೋ ಅವಳಿಗೆ ಸಾವಿರದ ಇನ್ನೂರು, ಒಂದು ಕೈ ಇಲ್ಲದ ನಂಗೆ ಎಂಟುನೂರು. ಇದು ಯಾವ ಲೆಕ್ಕ?" ಎಂದರು. ನನಗೆ ಉತ್ತರ ಗೊತ್ತಿರಲಿಲ್ಲ. ಕಚೇರಿಯಲ್ಲಿ ವಿಚಾರಿಸಿ ತಿಳಿದುಕೊಂಡೆ. ನಾನು ತಿಳಿದದ್ದನ್ನು ನಿಮಗೂ ಹೇಳುತ್ತೇನೆ.

ನಮ್ಮ ರಾಜ್ಯದಲ್ಲಿ ಅಂಗವಿಕಲ ವೇತನವೂ ವೃದ್ಧರ ವೇತನವೂ ಕಂದಾಯ ಇಲಾಖೆಯ ಮೂಲಕವೇ ಬರುತ್ತವೆ. ಆದರೆ ಅವು ಬೇರೆ ಬೇರೆ ಯೋಜನೆಗಳು. ಸಂಧ್ಯಾ ಸುರಕ್ಷಾ ಯೋಜನೆ 2007ರಲ್ಲಿ ಆರಂಭವಾಯಿತು. 65 ವರ್ಷ ತುಂಬಿದ ಸಣ್ಣ ರೈತರು, ಅತಿ ಸಣ್ಣ ರೈತರು, ಕೃಷಿ ಕಾರ್ಮಿಕರು, ನೇಕಾರರು, ಮೀನುಗಾರರು ಮೊದಲಾದವರಿಗೆ ಇದು ಸಲ್ಲುತ್ತದೆ. ಗಂಡ ಹೆಂಡಿರ ಆದಾಯಕ್ಕೆ ಒಂದು ಮಿತಿ ಉಂಟು. ಮುಖ್ಯವಾದ ಇನ್ನೊಂದು ಷರತ್ತು ಏನೆಂದರೆ, ಬೇರೆ ಪಿಂಚಣಿ ಪಡೆಯುತ್ತಿರುವವರಿಗೆ ಇದು ಸಿಗುವುದಿಲ್ಲ. ಒಬ್ಬರಿಗೆ ಒಂದೇ ವೇತನ.

2021ರ ಜುಲೈನಲ್ಲಿ ಸರ್ಕಾರ ದರ ಏರಿಸಿದಾಗ ಸಂಧ್ಯಾ ಸುರಕ್ಷಾ 1,000ದಿಂದ 1,200 ರೂಪಾಯಿಗೆ ಏರಿತು. ಶೇಕಡ 40ರಿಂದ 75ರವರೆಗಿನ ಅಂಗವಿಕಲತೆ ಇದ್ದವರ ವೇತನ 600ರಿಂದ 800ಕ್ಕೆ ಏರಿತು. ಶೇಕಡ 75ಕ್ಕಿಂತ ಹೆಚ್ಚಿದ್ದವರಿಗೆ ಆಗ 1,400 ರೂಪಾಯಿ ಇತ್ತು. ದರಗಳು ಬದಲಾಗುತ್ತಿರುತ್ತವೆ. ನೀವು ಹೋಗುವ ದಿನ ನಾಡಕಚೇರಿಯಲ್ಲಿ ಎರಡೂ ದರ ಕೇಳಿ ಬರೆದುಕೊಳ್ಳಿ.

ಈ ಲೆಕ್ಕವನ್ನು ಸ್ವಲ್ಪ ನೋಡಿ. ಕಡಿಮೆ ದರದ ಅಂಗವಿಕಲ ವೇತನ ಪಡೆಯುವವರು 65 ತುಂಬಿದ ಮೇಲೆ ಸಂಧ್ಯಾ ಸುರಕ್ಷಾಕ್ಕೆ ಬದಲಾದರೆ ತಿಂಗಳಿಗೆ 400, ವರ್ಷಕ್ಕೆ 4,800 ರೂಪಾಯಿ ಹೆಚ್ಚು. ಹೆಚ್ಚಿನ ದರದವರು ಬದಲಾದರೆ ತಿಂಗಳಿಗೆ 200 ನಷ್ಟ. ಆದ್ದರಿಂದ "ವಯಸ್ಸಾಯಿತು, ವೃದ್ಧಾಪ್ಯ ವೇತನಕ್ಕೆ ಹಾಕೋಣ" ಎಂದು ಎಲ್ಲರೂ ಓಡುವುದು ಬೇಡ. ಮೊದಲು ನಿಮ್ಮ ಪ್ರಮಾಣಪತ್ರದ ಶೇಕಡಾವಾರು ನೋಡಿಕೊಳ್ಳಿ.

ಶೇಕಡ 80ರ ಮೇಲಿದ್ದು ಬಡತನ ರೇಖೆಗಿಂತ ಕೆಳಗಿನ ಕುಟುಂಬದವರಾಗಿದ್ದರೆ ಕೇಂದ್ರ ಸರ್ಕಾರದ ಪಾಲೂ ಸೇರಿರುತ್ತದೆ. ಆ ಯೋಜನೆಯಲ್ಲಿ 79 ವರ್ಷದವರೆಗೆ ತಿಂಗಳಿಗೆ 300 ರೂಪಾಯಿ. 80 ತುಂಬಿದ ಮೇಲೆ ವೃದ್ಧಾಪ್ಯ ಯೋಜನೆಯಡಿ 500. ಮನೆಯಲ್ಲಿ ಅಂಥ ಹಿರಿಯರಿದ್ದರೆ 80 ತುಂಬಿದ ವರ್ಷ ಪಾಸ್ ಪುಸ್ತಕದ ಮೇಲೆ ಕಣ್ಣಿಡಿ.

ಇನ್ನು ನನ್ನ ತಪ್ಪನ್ನು ಹೇಳಬೇಕು. ಆ ತಾಯಿಗೆ "ಬದಲಾಯಿಸಿಕೊಳ್ಳಿ, ಲಾಭವಿದೆ" ಎಂದು ಹೇಳಿದವನು ನಾನೇ. ಯಾವುದು ಮೊದಲು, ಯಾವುದು ಆಮೇಲೆ ಎಂದು ಹೇಳಲಿಲ್ಲ. ಯಾರದೋ ಮಾತು ಕೇಳಿ ಅವರು ಮೊದಲು ಹಳೆಯ ವೇತನ ನಿಲ್ಲಿಸಲು ಬರೆದುಕೊಟ್ಟರು. ಅದು ಬೇಗ ನಿಂತಿತು. ಹೊಸ ಅರ್ಜಿ ಹಿಂದಕ್ಕೆ ಬಂತು, ಏಕೆಂದರೆ ಆಧಾರ್‌ನಲ್ಲಿ ಅವರ ವಯಸ್ಸು 65ಕ್ಕಿಂತ ಕಡಿಮೆ ಬಿದ್ದಿತ್ತು. ತಿದ್ದಿಸಿ ಮತ್ತೆ ಕೊಟ್ಟು ಮಂಜೂರಾಗುವಷ್ಟರಲ್ಲಿ ನಾಲ್ಕು ತಿಂಗಳು ಕಳೆದವು. ಔಷಧಿಯ ಖರ್ಚಿಗೆ ಒಂದು ಕಡಸು ಮಾರಿದರು. ಈಗ 1,200 ಬರುತ್ತಿದೆ. ಆ ನಾಲ್ಕು ತಿಂಗಳ ಹಣವೂ ಬರಲಿಲ್ಲ, ಕಡಸೂ ಬರಲಿಲ್ಲ. ಗಬ್ಬಕ್ಕೆ ಬರಬೇಕಾಗಿದ್ದ ಕಡಸು ಅದು.

ಒಣಹುಲ್ಲಿನಿಂದ ಹಸಿರು ಮೇವಿಗೆ ಬದಲಾಯಿಸುವಾಗ ಹಳೆಯದನ್ನು ಒಮ್ಮೆಲೇ ನಿಲ್ಲಿಸಬೇಡಿ ಎಂದು ನಿಮಗೆ ಎಷ್ಟು ಸಲ ಹೇಳಿದ್ದೇನೆ! ಅದೇ ಬುದ್ಧಿಯನ್ನು ಇಲ್ಲಿಯೂ ಹೇಳಬೇಕಾಗಿತ್ತು. ಈಗ ಹೇಳುತ್ತೇನೆ, ಕೇಳಿ.

ಒಂದು: ಆಧಾರ್, ಪಡಿತರ ಚೀಟಿ, ಮತದಾರರ ಚೀಟಿ ಮೂರರಲ್ಲೂ ಹೆಸರು ಮತ್ತು ವಯಸ್ಸು ಸರಿಯಾಗಿವೆಯೇ ನೋಡಿ. ತಪ್ಪಿದ್ದರೆ 65ಕ್ಕೆ ಒಂದು ವರ್ಷ ಮೊದಲೇ ತಿದ್ದಿಸಿ.

ಎರಡು: ಹಳೆಯದನ್ನು ನಿಲ್ಲಿಸಿ ಎಂದು ಬೇರೆ ಅರ್ಜಿ ಕೊಡಬೇಡಿ. ಹೊಸ ಅರ್ಜಿಯಲ್ಲೇ ಹಳೆಯ ಮಂಜೂರಾತಿ ಆದೇಶದ ಸಂಖ್ಯೆ ಕಾಣಿಸಿ, ಅದರ ಬದಲಿಗೆ ಇದನ್ನು ಮಂಜೂರು ಮಾಡಬೇಕೆಂದು ಬರೆಯಿರಿ. ಹಳೆಯದನ್ನು ಮುಚ್ಚಿಡಬೇಡಿ. ತಪ್ಪಿ ಎರಡೂ ಬಂದರೆ ಕಚೇರಿಗೆ ತಿಳಿಸಿ, ಇಲ್ಲದಿದ್ದರೆ ಮುಂದೆ ವಸೂಲಿ ಬರುತ್ತದೆ.

ಮೂರು: ಅರ್ಜಿ ಕೊಟ್ಟಾಗ ಸ್ವೀಕೃತಿ ಪಡೆಯಿರಿ. ಮಧ್ಯವರ್ತಿಗೆ ಮೂಲ ದಾಖಲೆ ಕೊಡಬೇಡಿ.

ನಾಲ್ಕು: ಅಂಗವಿಕಲರ ಗುರುತಿನ ಚೀಟಿಯನ್ನು ಜೋಪಾನ ಮಾಡಿ. ವೇತನ ಬದಲಾದರೆ ಚೀಟಿ ಹೋಗುವುದಿಲ್ಲ. ಬಸ್ ಪಾಸ್, ರೈಲಿನ ರಿಯಾಯಿತಿ ಚೀಟಿಯ ಮೇಲೆ ನಡೆಯುತ್ತವೆ. ರೈಲಿನಲ್ಲಿ ಹಿರಿಯ ನಾಗರಿಕರ ರಿಯಾಯಿತಿ 2020ರ ಮಾರ್ಚ್‌ನಲ್ಲಿ ನಿಂತಿತು, ನಿಗದಿತ ವರ್ಗದ ಅಂಗವಿಕಲರ ರಿಯಾಯಿತಿ ನಿಲ್ಲಲಿಲ್ಲ. ಪ್ರಮಾಣಪತ್ರ ತಾತ್ಕಾಲಿಕವಾಗಿದ್ದರೆ ಅವಧಿ ಮುಗಿಯುವ ಮೊದಲೇ ನವೀಕರಿಸಿ.

ಐದನೆಯದು ಹಾಲಿನ ಹಣಕ್ಕೆ ಸಂಬಂಧಿಸಿದ್ದು. ಆಧಾರ್ ಮೂಲಕ ಬರುವ ಹಣ ನೀವು ಕೊನೆಯದಾಗಿ ಆಧಾರ್ ಜೋಡಿಸಿದ ಖಾತೆಗೆ ಹೋಗುತ್ತದೆ. ಹಾಲಿನ ಪ್ರೋತ್ಸಾಹಧನಕ್ಕೆಂದು ಹೊಸ ಖಾತೆ ಜೋಡಿಸಿ, ಅಂಚೆ ಕಚೇರಿಯ ಹಳೆಯ ಖಾತೆಗೆ ವೇತನ ಬರಲಿಲ್ಲವೆಂದು ಅಲೆದವರನ್ನು ನಾನು ಕಂಡಿದ್ದೇನೆ. ಹಣ ಹೊಸ ಖಾತೆಯಲ್ಲೇ ಇತ್ತು. ಯಾವ ಖಾತೆ ಜೋಡಣೆಯಾಗಿದೆ ಎಂದು ಬ್ಯಾಂಕಿನಲ್ಲಿ ಕೇಳಿ.

ಕೊನೆಗೆ, "ಇದು ಯಾವ ಲೆಕ್ಕ?" ಎಂಬ ಆ ತಾಯಿಯ ಪ್ರಶ್ನೆ ಉಳಿಯಿತು. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ 24ನೇ ಕಲಂ ನೋಡಿದೆ. ಇತರರಿಗೆ ಇರುವ ಅದೇ ಬಗೆಯ ಯೋಜನೆಗಿಂತ ಅಂಗವಿಕಲರಿಗೆ ಕನಿಷ್ಠ ಶೇಕಡ 25ರಷ್ಟು ಹೆಚ್ಚು ನೆರವು ಸಿಗಬೇಕು ಎಂದಿದೆ. ಸರ್ಕಾರದ ಆರ್ಥಿಕ ಶಕ್ತಿಯ ಮಿತಿಯೊಳಗೆ ಎಂಬ ಮಾತೂ ಇದೆ. ಹಾಗಾದರೆ ಅವರ ಪ್ರಶ್ನೆ ಅಜ್ಞಾನದ ಪ್ರಶ್ನೆಯಲ್ಲ, ಕಾನೂನಿನ ಪ್ರಶ್ನೆಯೇ. ಗ್ರಾಮಸಭೆಯಲ್ಲಿ, ಶಾಸಕರು ಬಂದಾಗ ಎದ್ದು ನಿಂತು ಕೇಳಿ. ಉತ್ತರ ಬರುವವರೆಗೆ ನಿಮಗೆ ಸಲ್ಲಬೇಕಾದ ಹೆಚ್ಚಿನದನ್ನು, ಒಂದು ತಿಂಗಳೂ ತಪ್ಪದಂತೆ, ಪಡೆದುಕೊಳ್ಳಿ.

ಅರ್ಜಿ ಬರೆಯುವುದು ತಿಳಿಯದಿದ್ದರೆ ಬೆಳಿಗ್ಗೆ ಹಾಲು ಹಾಕಲು ಬಂದಾಗ ಸಂಘದ ಕಾರ್ಯದರ್ಶಿಗಳನ್ನು ಕೇಳಿ. ನಾನು ಊರಿಗೆ ಬಂದ ದಿನ ನನ್ನನ್ನೂ ಕೇಳಬಹುದು. ಈ ಸಲ ಯಾವುದು ಮೊದಲು, ಯಾವುದು ಆಮೇಲೆ ಎಂದು ಹೇಳುತ್ತೇನೆ.